ಪಾಸ್ಕಲ್‌ನಲ್ಲಿ ಅಳೆಯಲಾಗದ ಒತ್ತಡ

ಎಂಟನೆಯ ತರಗತಿಯ ವಿಜ್ಞಾನದಲ್ಲಿ ‘ಬಲ ಮತ್ತು ಒತ್ತಡ’ ಎಂಬ ಪಾಠವಿದೆ. ಬಲವನ್ನು ಅದು ಬೀಳುವ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಬರುವುದು ಒತ್ತಡ. ಅದರ ಮಾನ ಪಾಸ್ಕಲ್. ಇಷ್ಟನ್ನು ಕರಿಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಿದ್ದಳು. “ಸಾರ್, ನಮ್ಮಪ್ಪ ದಿನಾ ಆಫೀಸಲ್ಲಿ ಒತ್ತಡ, ಒತ್ತಡ ಅಂತಾರಲ್ಲ, ಅದನ್ನೂ ಪಾಸ್ಕಲ್‌ನಲ್ಲೇ ಅಳೀತಾರಾ?” ಇಡೀ ತರಗತಿ ಗೊಳ್ಳೆಂದು ನಕ್ಕಿತು. ಅವಳು ಮಾತ್ರ ನಗಲಿಲ್ಲ.

ಗಂಟೆ ಹೊಡೆದ ಮೇಲೆ ವರಾಂಡದಲ್ಲಿ ನಿಂತು ಉಳಿದದ್ದನ್ನು ಹೇಳಿದಳು. ತಂದೆಗೆ ಸಾಲ ವಸೂಲಿಯ ಕೆಲಸ. ತಿಂಗಳಿಗೆ ಇಷ್ಟು ಎಂದು ಗುರಿ ಕೊಟ್ಟಿರುತ್ತಾರೆ. ರಾತ್ರಿ ಒಂಬತ್ತಕ್ಕೆ ಮನೆಗೆ ಬಂದರೂ ಫೋನು ನಿಲ್ಲುವುದಿಲ್ಲ. ಮೊದಲು ಲೆಕ್ಕ ಹೇಳಿಕೊಡುತ್ತಿದ್ದವರು ಈಗ ಮಾತೇ ಆಡುವುದಿಲ್ಲ, ಮಾತಾಡಿಸಿದರೆ ರೇಗುತ್ತಾರೆ. “ನಮ್ಮ ಮೇಲೆ ಏನೋ ಬೇಜಾರಿರಬೇಕು ಸಾರ್” ಎಂಬುದು ಅವಳು ತಾನಾಗಿ ಕಟ್ಟಿಕೊಂಡಿದ್ದ ತೀರ್ಮಾನ. (ಗುರುತು ಸಿಗದಂತೆ ವಿವರಗಳನ್ನು ತುಸು ಬದಲಿಸಿದ್ದೇನೆ.) ಮೂವತ್ತು ವರ್ಷ ಪಾಠ ಹೇಳಿದವನಿಗೆ ಈ ತೀರ್ಮಾನ ಹೊಸದಲ್ಲ. ದೊಡ್ಡವರ ದಣಿವನ್ನು ಮಕ್ಕಳು ತಮ್ಮ ತಪ್ಪಿನ ಶಿಕ್ಷೆ ಎಂದುಕೊಳ್ಳುತ್ತಾರೆ. ಅದಕ್ಕೇ ಈ ವಾರದ ಅಂಕಣವನ್ನು ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕುಳಿತು ಓದಲಿ ಎಂಬ ಆಸೆ.

ಕೆಲಸದಿಂದಾಗುವ ಈ ಬಗೆಯ ಬಸವಳಿಕೆಗೆ ಇಂಗ್ಲಿಷಿನಲ್ಲಿ ‘ಬರ್ನ್‌ಔಟ್’ ಎನ್ನುತ್ತಾರೆ. ಉರಿದು ಬರಿದಾಗುವುದು ಎಂದಿಟ್ಟುಕೊಳ್ಳಿ. ಈ ಪದವನ್ನು ವಿಜ್ಞಾನಕ್ಕೆ ತಂದವರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನೋವಿಜ್ಞಾನಿ. 1926ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಯಹೂದಿ. ನಾಜಿಗಳ ಕಾಲದಲ್ಲಿ ಬಾಲಕನಾಗಿದ್ದಾಗಲೇ ತಪ್ಪಿಸಿಕೊಂಡು ನ್ಯೂಯಾರ್ಕಿಗೆ ಬಂದು, ಕಷ್ಟಪಟ್ಟು ಓದಿ ಮೇಲೆ ಬಂದವರು. 1970ರ ದಶಕದ ಆರಂಭದಲ್ಲಿ ಹಗಲೆಲ್ಲ ತಮ್ಮ ಸ್ವಂತ ರೋಗಿಗಳನ್ನು ನೋಡಿ, ಸಂಜೆಯಿಂದ ನಡುರಾತ್ರಿಯವರೆಗೆ ಮಾದಕ ವಸ್ತುಗಳಿಗೆ ಸಿಕ್ಕಿಬಿದ್ದ ತರುಣರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದರು. ಒಮ್ಮೆ ಸಂಸಾರದೊಡನೆ ಪ್ರವಾಸ ಹೊರಡಬೇಕಾಗಿದ್ದ ದಿನ ಹಾಸಿಗೆಯಿಂದ ಏಳಲಿಕ್ಕೇ ಆಗಲಿಲ್ಲ. ಆಮೇಲೆ ಅವರು ಮಾಡಿದ ಕೆಲಸ ವಿಜ್ಞಾನಿಗೆ ತಕ್ಕುದು. ಟೇಪ್ ರೆಕಾರ್ಡರ್ ಮುಂದೆ ಕುಳಿತು ತನಗೇನು ಅನ್ನಿಸುತ್ತಿದೆ ಎಂದು ತಾನೇ ಹೇಳಿಕೊಂಡು, ಅದನ್ನು ಬೇರೊಬ್ಬ ರೋಗಿಯ ಮಾತು ಎಂಬಂತೆ ಕೇಳಿಸಿಕೊಂಡರು. 1974ರಲ್ಲಿ ಪ್ರಕಟವಾದ ಅವರ ಲೇಖನದಿಂದ ಆ ಪದ ಜಗತ್ತಿಗೆಲ್ಲ ಹಬ್ಬಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಈಗಿನ ರೂಪ ತಾಳಿದ್ದೂ ಅದೇ ವರ್ಷ; ಎರಡಕ್ಕೂ ಸಂಬಂಧವಿಲ್ಲ, ನೆನಪಿಡಲು ಸುಲಭ ಅಷ್ಟೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಫ್ರಾಯ್ಡನ್‌ಬರ್ಗರ್ ಸೋಮಾರಿಯಲ್ಲ, ಕೆಲಸಗಳ್ಳರಲ್ಲ. ಚಿಕಿತ್ಸಾಲಯದಲ್ಲಿ ಮೊದಲು ಬಸವಳಿದವರು ಅತಿ ಹೆಚ್ಚು ಮನಸ್ಸಿಟ್ಟು ದುಡಿದವರೇ ಎಂದು ಅವರು ಬರೆದರು. ಉರಿಯದ ದೀಪಕ್ಕೆ ಎಣ್ಣೆ ತೀರುವ ಭಯವಿಲ್ಲ.

ಆಮೇಲೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ಮನೋವಿಜ್ಞಾನಿ ನರ್ಸುಗಳು, ವೈದ್ಯರು, ಸಮಾಜ ಸೇವಕರು ಮೊದಲಾದವರನ್ನು ಮಾತನಾಡಿಸಿ, 1981ರಲ್ಲಿ ಸಹೋದ್ಯೋಗಿ ಸೂಸನ್ ಜಾಕ್ಸನ್ ಅವರೊಡನೆ ಈ ಬಸವಳಿಕೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅವರ ಪ್ರಕಾರ ಇದಕ್ಕೆ ಮೂರು ಮುಖಗಳು. ಮೊದಲನೆಯದು ಮನಸ್ಸಿನ ತೀರಾ ಆಯಾಸ. ಮೂರನೆಯದು, ನಾನು ಏನು ಮಾಡಿದರೂ ಅಷ್ಟೆ, ನನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವನೆ. ನಡುವಿನದೇ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ. ಬಸವಳಿದ ಮನುಷ್ಯ ಎದುರಿಗಿರುವವರಿಂದ ದೂರ ಸರಿಯುತ್ತಾನೆ. ನರ್ಸಿಗೆ ರೋಗಿ ಬರೀ ಹಾಸಿಗೆಯ ನಂಬರ್ ಆಗುತ್ತಾನೆ, ಮೇಷ್ಟರಿಗೆ ಹುಡುಗ ಬರೀ ರೋಲ್ ನಂಬರ್ ಆಗುತ್ತಾನೆ. ಇದು ದ್ವೇಷವಲ್ಲ. ಕೊಡಲು ಏನೂ ಉಳಿಯದವನು ಬಾಗಿಲು ಹಾಕಿಕೊಳ್ಳುವ ರೀತಿ. ಕಚೇರಿಯಲ್ಲಿ ಹಾಕಿಕೊಂಡ ಬಾಗಿಲು ಮನೆಗೆ ಬಂದ ಕೂಡಲೇ ತೆರೆಯುವುದಿಲ್ಲ, ಅದೇ ಕಷ್ಟ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಈ ಮೂರು ಮುಖಗಳನ್ನೇ ಹೇಳಿ ಬರ್ನ್‌ಔಟ್‌ಗೆ ಜಾಗ ಕೊಟ್ಟಿತು. ಆದರೆ ರೋಗ ಎಂದು ಕರೆಯಲಿಲ್ಲ; ಉದ್ಯೋಗಕ್ಕೆ ಸಂಬಂಧಪಟ್ಟ ಸ್ಥಿತಿ ಎಂದಿತು. ಕೆಲಸದ ಸ್ಥಳದ ಒತ್ತಡಕ್ಕೆ ಮಾತ್ರ ಈ ಹೆಸರು, ಬದುಕಿನ ಬೇರೆ ಕಡೆ ಬಳಸಕೂಡದು ಎಂದೂ ಸೇರಿಸಿತು. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಪಾತ್ರೆ ತೊಳೆದು ಮಲಗುವ, ನಡುವೆ ಅತ್ತೆಯ ಔಷಧಿ, ಮಕ್ಕಳ ಹೋಂವರ್ಕ್, ಗಂಡನ ಡಬ್ಬಿ ನೋಡಿಕೊಳ್ಳುವ ತಾಯಿಯ ಕೆಲಸದ ಸ್ಥಳ ಯಾವುದೋ ಆ ಪಂಡಿತರನ್ನು ಕೇಳಬೇಕು. ವ್ಯಾಖ್ಯೆಗೆ ಗಡಿ ಬೇಕು, ಒಪ್ಪುತ್ತೇನೆ. ಆದರೆ ದೇಹ ಆ ಗಡಿಯನ್ನು ನೋಡಿ ದಣಿಯುವುದಿಲ್ಲ.

ದೇಹದ ಮಾತು ಬಂತಲ್ಲ, ಸ್ವಲ್ಪ ಜೀವಶಾಸ್ತ್ರ. ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವುದು ಅಡ್ರಿನಲ್ ಗ್ರಂಥಿಗಳು. ಅಪಾಯ ಎದುರಾದಾಗ ಇವು ಮೊದಲು ಅಡ್ರಿನಲಿನ್, ಆಮೇಲೆ ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಗುಂಡಿಗೆ ಜೋರಾಗಿ ಹೊಡೆದುಕೊಳ್ಳುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಪಚನ, ಬೆಳವಣಿಗೆ ಮೊದಲಾದ ಅವಸರವಿಲ್ಲದ ಕೆಲಸಗಳು ಮುಂದಕ್ಕೆ ಹೋಗುತ್ತವೆ. ಹಾವನ್ನು ಕಂಡು ಓಡಲು ಇದು ಅತ್ಯುತ್ತಮ ಏರ್ಪಾಡು. ಓಡಿ ಮುಗಿದ ಮೇಲೆ ಕಾರ್ಟಿಸಾಲೇ ಮಿದುಳಿಗೆ ಹೋಗಿ ‘ಇನ್ನು ಸಾಕು’ ಎಂದು ತಿಳಿಸಿ ತನ್ನ ಉತ್ಪತ್ತಿಯನ್ನು ತಾನೇ ತಗ್ಗಿಸುತ್ತದೆ. ಅದಕ್ಕೆ ದಿನದ ಲಯವೂ ಉಂಟು: ಬೆಳಿಗ್ಗೆ ಏಳುವ ಹೊತ್ತಿಗೆ ಹೆಚ್ಚು, ನಡುರಾತ್ರಿಯ ಸುಮಾರಿಗೆ ತೀರಾ ಕಡಿಮೆ. ತೊಂದರೆ ಇರುವುದು ಹಾವು ಹೋಗದಿದ್ದಾಗ. ರಾತ್ರಿ ಹತ್ತೂವರೆಗೆ ‘ನಾಳೆಯ ಒಳಗೆ ಬೇಕು’ ಎಂಬ ಸಂದೇಶ ಬಂದರೆ, ದೇಹದ ಮಟ್ಟಿಗೆ ಹಾವು ಇನ್ನೂ ಕೋಣೆಯಲ್ಲೇ ಇದೆ.

ಇದರ ಪರಿಣಾಮವನ್ನು ಮೊದಲು ಪ್ರಯೋಗಶಾಲೆಯಲ್ಲಿ ತೋರಿಸಿದವರು ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹಾನ್ಸ್ ಸೆಲ್ಯೆ. 1936ರ ಜುಲೈ 4ರ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟವನ್ನೂ ಮೀರದ ಪತ್ರ. ಇಲಿಗಳನ್ನು ಚಳಿಗೆ ಒಡ್ಡಿದರೂ, ಗಾಯ ಮಾಡಿದರೂ, ಅತಿಯಾಗಿ ಓಡಿಸಿದರೂ ಒಳಗೆ ಆಗುವುದು ಒಂದೇ: ಅಡ್ರಿನಲ್ ಹಿಗ್ಗುತ್ತದೆ, ರೋಗನಿರೋಧಕ್ಕೆ ಸಂಬಂಧಿಸಿದ ಥೈಮಸ್ ಕುಗ್ಗುತ್ತದೆ, ಜಠರದಲ್ಲಿ ಹುಣ್ಣು. ಮೊದಲು ಎಚ್ಚರ, ಆಮೇಲೆ ಎದುರಿಸುವ ಹಂತ, ಕೊನೆಗೆ ಬಳಲಿಕೆ. ಈ ನಡುವಿನ ಹಂತವೇ ಮೋಸದ್ದು. ಹೊರಗೆ ಎಲ್ಲ ಸರಿಯಾಗಿದೆ, ‘ನನಗೆ ಅಭ್ಯಾಸವಾಗಿದೆ’ ಎಂದು ಮನುಷ್ಯ ಹೇಳಿಕೊಳ್ಳುತ್ತಾನೆ. ಅಂದ ಹಾಗೆ, ‘ಸ್ಟ್ರೆಸ್’ ಎಂಬ ಪದವನ್ನು ಸೆಲ್ಯೆ ಎರವಲು ತಂದದ್ದು ನಮ್ಮ ಭೌತಶಾಸ್ತ್ರದಿಂದ. ಭೌತಶಾಸ್ತ್ರದಲ್ಲಿ ಸ್ಟ್ರೆಸ್ ಎಂದರೆ ವಸ್ತುವಿನೊಳಗಿನ ಬಲ, ಸ್ಟ್ರೇನ್ ಎಂದರೆ ಅದರಿಂದ ವಸ್ತುವಿನಲ್ಲಾಗುವ ಮಾರ್ಪಾಟು. ತನ್ನ ಇಂಗ್ಲಿಷ್ ಇನ್ನಷ್ಟು ಚೆನ್ನಾಗಿದ್ದಿದ್ದರೆ ಎರಡನೆಯದನ್ನೇ ಆರಿಸುತ್ತಿದ್ದೆ ಎಂದು ಅವರು ಮುಂದೆ ಹೇಳಿಕೊಂಡರು. ಕನ್ನಡದಲ್ಲಿ ನಾವು ಪ್ರೆಶರ್‌ಗೂ ಸ್ಟ್ರೆಸ್‌ಗೂ ‘ಒತ್ತಡ’ ಎಂದೇ ಹೇಳಿ ಗೊಂದಲವನ್ನು ಮುಂದುವರಿಸಿದ್ದೇವೆ. ಆದರೆ ಈ ಗೊಂದಲದಿಂದ ನನಗೆ ಒಂದು ಉಪಕಾರವಾಯಿತು.

ಅದೇ ಪಾಠದಲ್ಲಿ ಹಮಾಲಿಗಳ ಉದಾಹರಣೆ ಬರುತ್ತದೆ. ತಲೆಯ ಮೇಲೆ ಮೂಟೆ ಹೊರುವವರು ಬಟ್ಟೆಯನ್ನು ಸುತ್ತಿ ಸಿಂಬಿ ಮಾಡಿ ಇಟ್ಟುಕೊಳ್ಳುತ್ತಾರೆ. ಮೂಟೆಯ ತೂಕ ಒಂದು ಗ್ರಾಮೂ ಇಳಿಯುವುದಿಲ್ಲ, ಆದರೆ ಹೊರೆ ಹರಡಿಕೊಳ್ಳುವ ಜಾಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಕೆಲಸದ ವಿಷಯದಲ್ಲೂ ನಾವು ಮೂಟೆಯ ತೂಕವನ್ನೇ ನೋಡುತ್ತೇವೆ, ಸಿಂಬಿ ಇದೆಯೇ ಎಂದು ಕೇಳುವುದಿಲ್ಲ. ಉದ್ಯೋಗದಲ್ಲಿ ಸಿಂಬಿ ಎಂದರೆ ಏನು? ಇದಕ್ಕೆ ಲಂಡನ್ನಿನ ಸರ್ಕಾರಿ ಕಚೇರಿಗಳು ಕೊಟ್ಟ ಉತ್ತರವನ್ನು ಸಾವಧಾನವಾಗಿ ನೋಡಬೇಕು.

ಬ್ರಿಟನ್ ಸರ್ಕಾರದ ಕಚೇರಿಗಳಿರುವ ಬೀದಿಯ ಹೆಸರು ವೈಟ್‌ಹಾಲ್. 1967ರಲ್ಲಿ ಅಲ್ಲಿನ ಸುಮಾರು 18 ಸಾವಿರ ಪುರುಷ ನೌಕರರ ಆರೋಗ್ಯವನ್ನು ಪರೀಕ್ಷಿಸಿ, ವರ್ಷಗಟ್ಟಲೆ ಅವರನ್ನು ಹಿಂಬಾಲಿಸುವ ಅಧ್ಯಯನ ಆರಂಭವಾಯಿತು. ಆಗಿನ ನಂಬಿಕೆ ಏನೆಂದರೆ, ಹೃದಯಾಘಾತ ದೊಡ್ಡ ಸಾಹೇಬರ ರೋಗ. ಜವಾಬ್ದಾರಿ ಹೆಚ್ಚಿದ್ದವರಿಗೆ ಎದೆನೋವು ಹೆಚ್ಚು. ಬಂದ ಫಲಿತಾಂಶ ಇದಕ್ಕೆ ಪೂರಾ ತಲೆಕೆಳಗು. ಕಡತ ಹೊತ್ತು ತಿರುಗುವವರು, ಬಾಗಿಲು ಕಾಯುವವರು ಮೊದಲಾದ ಅತಿ ಕೆಳದರ್ಜೆಯ ನೌಕರರಲ್ಲಿ ಹೃದ್ರೋಗದಿಂದ ಸಾಯುವವರ ಪ್ರಮಾಣ ಅತಿ ಮೇಲಿನ ಅಧಿಕಾರಿಗಳದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚಾಗಿತ್ತು! ಬೀಡಿ-ಸಿಗರೇಟು, ರಕ್ತದೊತ್ತಡ, ಕೊಲೆಸ್ಟರಾಲ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಈ ಅಂತರದ ಹೆಚ್ಚು ಪಾಲು ಹಾಗೇ ಉಳಿಯಿತು. ಅಷ್ಟೇ ಅಲ್ಲ, ಇದು ಬಡವ-ಬಲ್ಲಿದ ಎಂಬ ಎರಡು ಗುಂಪಿನ ಮಾತಾಗಿರಲಿಲ್ಲ. ಏಣಿಯ ಪ್ರತಿ ಮೆಟ್ಟಿಲಲ್ಲೂ ವ್ಯತ್ಯಾಸ. ತುತ್ತತುದಿಯವರಿಗಿಂತ ಅವರ ಕೆಳಗಿನವರ ಸ್ಥಿತಿ ಸ್ವಲ್ಪ ಕೆಟ್ಟದು, ಅವರ ಕೆಳಗಿನವರದು ಇನ್ನೂ ಸ್ವಲ್ಪ. ಯಾರೂ ಉಪವಾಸವಿದ್ದವರಲ್ಲ, ಗಣಿಯಲ್ಲಿ ದುಡಿದವರಲ್ಲ. ಎಲ್ಲರಿಗೂ ಸರ್ಕಾರಿ ಸಂಬಳ, ಸರ್ಕಾರದ್ದೇ ವೈದ್ಯಸೇವೆ.

ಹಾಗಾದರೆ ಏನು ಕಾರಣ? ಮೈಕೆಲ್ ಮಾರ್ಮಟ್ ಅವರ ನೇತೃತ್ವದಲ್ಲಿ 1985ರಲ್ಲಿ ಎರಡನೆಯ ಅಧ್ಯಯನ ಶುರುವಾಯಿತು. ಈ ಸಲ ಮಹಿಳೆಯರೂ ಸೇರಿ 10,308 ಮಂದಿ. ಅವರನ್ನು ಕೆಲಸದ ಪ್ರಮಾಣದ ಬಗ್ಗೆ ಮಾತ್ರವಲ್ಲ, ಕೆಲಸದ ಮೇಲೆ ತಮಗಿರುವ ಹಿಡಿತದ ಬಗ್ಗೆಯೂ ಕೇಳಿದರು. ಯಾವುದನ್ನು ಮೊದಲು ಮಾಡಬೇಕು, ಹೇಗೆ ಮಾಡಬೇಕು, ಯಾವಾಗ ವಿರಮಿಸಬೇಕು ಎಂಬುದರಲ್ಲಿ ನಿಮ್ಮ ಮಾತು ನಡೆಯುತ್ತದೆಯೇ? 1997ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೇಲಿನವರಿಗೂ ಕೆಳಗಿನವರಿಗೂ ಹೃದ್ರೋಗದಲ್ಲಿದ್ದ ಅಂತರದ ದೊಡ್ಡ ಪಾಲನ್ನು ಈ ಹಿಡಿತದ ಕೊರತೆ ವಿವರಿಸಿತು. ರಾಬರ್ಟ್ ಕರಾಸೆಕ್ ಎಂಬವರು 1979ರಲ್ಲೇ ಅಮೆರಿಕ ಮತ್ತು ಸ್ವೀಡನ್ನಿನ ಕೆಲಸಗಾರರ ಮಾಹಿತಿಯಿಂದ ಇಂಥದೇ ಮಾತು ಹೇಳಿದ್ದರು: ಹೆಚ್ಚು ಕೆಲಸ ಮತ್ತು ಕಡಿಮೆ ಹಿಡಿತ ಒಟ್ಟು ಸೇರಿದ ಜಾಗವೇ ಅತಿ ಅಪಾಯದ್ದು. ಸಿಂಬಿ ಎಂದರೆ ಇದೇ. ತನ್ನ ಕೆಲಸದಲ್ಲಿ ತನಗೊಂದು ಮಾತು, ಪಕ್ಕದಲ್ಲಿ ಕೈ ಕೊಡುವ ಒಬ್ಬ ಜೊತೆಗಾರ, ಮಾಡಿದ್ದನ್ನು ಕಂಡು ಹೇಳುವ ಒಬ್ಬ ಮೇಲಧಿಕಾರಿ.

ತುಂಬಿದ ಬಸ್ಸಿನ ಕಂಡಕ್ಟರನ್ನು ನೋಡಿ. ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಎಷ್ಟು ಜನ ಹತ್ತಬೇಕು, ಚಿಲ್ಲರೆ ಯಾರು ತರಬೇಕು, ಯಾವುದೂ ಅವರ ಕೈಯಲ್ಲಿಲ್ಲ. ಬೈಗುಳ ಮಾತ್ರ ಪೂರಾ ಅವರದು. ಶಿಕ್ಷಕರ ವಿಷಯ ಬರೆದರೆ ಸ್ವಂತ ಗೋಳಾಗುತ್ತದೆ. ಸಮೀಕ್ಷೆ, ಚುನಾವಣೆ, ಗಣತಿ, ಮೊಟ್ಟೆ-ಹಾಲಿನ ಲೆಕ್ಕ, ಎಲ್ಲವನ್ನೂ ಕಂಪ್ಯೂಟರಿಗೆ ಏರಿಸುವುದು, ಇವುಗಳ ನಡುವೆ ಸಿಕ್ಕ ಬಿಡುವಿನಲ್ಲಿ ಪಾಠ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಗಂಟೆಗಳ ಲೆಕ್ಕವನ್ನೂ ಮಾಡೋಣ, ಅದೂ ಗಣಿತದ ಅಭ್ಯಾಸವಾಗಲಿ. 2023ರ ಅಕ್ಟೋಬರಿನಲ್ಲಿ ಇನ್ಫೊಸಿಸ್ ಸ್ಥಾಪಕರಲ್ಲೊಬ್ಬರಾದ ಎನ್.ಆರ್. ನಾರಾಯಣಮೂರ್ತಿಯವರು ದೇಶದ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದದ್ದು ದೊಡ್ಡ ಚರ್ಚೆಗೆ ಕಾರಣವಾಯಿತು. ವಾರಕ್ಕೆ ಆರು ದಿನ ಎಂದರೆ ದಿನಕ್ಕೆ 11 ಗಂಟೆ 40 ನಿಮಿಷ. ಬೆಂಗಳೂರಿನಲ್ಲಿ ಹೋಗಿಬರಲು ಎರಡು ಗಂಟೆ ಇಟ್ಟುಕೊಳ್ಳಿ, ನಿದ್ದೆಗೆ ಏಳು. ಉಳಿದದ್ದು 3 ಗಂಟೆ 20 ನಿಮಿಷ. ಸ್ನಾನ, ಊಟ, ತಿಂಡಿ, ಮಕ್ಕಳು, ಮುದಿ ತಂದೆತಾಯಿ, ದಿನಸಿ ಅಂಗಡಿ ಎಲ್ಲ ಅದರೊಳಗೆ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿದ್ದು ಸುಮ್ಮನೆ ಅಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಜೊತೆಯಾಗಿ ಕೊಟ್ಟ ಲೆಕ್ಕದಂತೆ, ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇಕಡ 17ರಷ್ಟು ಹೆಚ್ಚು.

ಮೂರ್ತಿಯವರು ಯುದ್ಧಾನಂತರದ ಜಪಾನಿನ ಉದಾಹರಣೆ ಕೊಟ್ಟಿದ್ದರು. ಜಪಾನು ದುಡಿದು ಎದ್ದು ನಿಂತದ್ದು ನಿಜ. ಆದರೆ ಅತಿ ದುಡಿಮೆಯಿಂದ ಸಾಯುವುದಕ್ಕೆ ‘ಕರೋಶಿ’ ಎಂಬ ಪದವೇ ಹುಟ್ಟಿದ್ದೂ ಅಲ್ಲಿಯೇ. 1969ರಲ್ಲಿ ಪತ್ರಿಕಾ ಸಂಸ್ಥೆಯೊಂದರ ರವಾನೆ ವಿಭಾಗದಲ್ಲಿದ್ದ 29 ವರ್ಷದ ನೌಕರ ಪಾರ್ಶ್ವವಾಯುವಿನಿಂದ ಸತ್ತದ್ದು ಇಂಥ ಮೊದಲ ಪ್ರಕರಣ ಎನ್ನುತ್ತಾರೆ. 2014ರಲ್ಲಿ ಇದನ್ನು ತಡೆಯಲೆಂದೇ ಆ ದೇಶ ಕಾನೂನು ಮಾಡಬೇಕಾಯಿತು. ಮೂರ್ತಿಯವರು ತಾವೂ ಹಾಗೆ ದುಡಿದವರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಸಂಸ್ಥೆ ಕಟ್ಟುವವರ 70 ಗಂಟೆಗೂ ಆ ಸಂಸ್ಥೆಯ ಮೂರನೆಯ ಮಹಡಿಯಲ್ಲಿ ಬೇರೆಯವರ ಗಡುವಿಗೆ ಕೂತವರ 70 ಗಂಟೆಗೂ ಗಡಿಯಾರದಲ್ಲಿ ಮಾತ್ರ ಸಮಾನತೆ. ವೈಟ್‌ಹಾಲ್ ಹೇಳಿದ್ದು ಇದನ್ನೇ.

ಹಾಗಾಗಿ ಬಸವಳಿದವರಿಗೆ ‘ಧೈರ್ಯವಾಗಿರು, ಪ್ರಾಣಾಯಾಮ ಮಾಡು’ ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಪ್ರಾಣಾಯಾಮ ಒಳ್ಳೆಯದು, ನಾನೂ ಮಾಡುತ್ತೇನೆ. ಆದರೆ ವಾರಕ್ಕೊಂದು ಯೋಗ ತರಗತಿ ಇಟ್ಟು, ಗುರಿಯನ್ನು ಮಾತ್ರ ಪ್ರತಿ ತಿಂಗಳೂ ಏರಿಸುವ ಕಚೇರಿ, ಮೂಟೆ ಇಳಿಸದೆ ತಲೆಗೆ ಎಣ್ಣೆ ಹಚ್ಚಿದ ಹಾಗೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಮಾರ್ಗಸೂಚಿಯೂ ಕೆಲಸದ ಏರ್ಪಾಡನ್ನೇ ಸರಿಪಡಿಸುವುದಕ್ಕೆ, ಮೇಲಧಿಕಾರಿಗಳಿಗೆ ತರಬೇತಿ ಕೊಡುವುದಕ್ಕೆ ಒತ್ತು ಕೊಡುತ್ತದೆ. ಇದನ್ನು ಓದುತ್ತಿರುವ ಪೋಷಕರಲ್ಲಿ ಕೈಕೆಳಗೆ ನಾಲ್ಕು ಜನರನ್ನು ಇಟ್ಟುಕೊಂಡವರು ಇದ್ದೇ ಇರುತ್ತೀರಿ. ಕೆಲಸ ಹಂಚುವಾಗ ‘ಇದನ್ನು ಮುಗಿಸಲು ಎಷ್ಟು ದಿನ ಬೇಕಪ್ಪಾ?’ ಎಂದು ಒಂದು ಸಲ ಕೇಳಿ ನೋಡಿ. ರಜೆಯಲ್ಲಿದ್ದವರಿಗೆ ಫೋನ್ ಮಾಡದಿರುವುದಕ್ಕೆ ಯಾವ ಸುತ್ತೋಲೆಯೂ ಬೇಕಾಗಿಲ್ಲ.

ಮನೆಯಲ್ಲಿ ಏನಾಗಬಹುದು? ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುವವರ ಮುಂದೆ ಅಂಕಪಟ್ಟಿ, ಗ್ಯಾಸ್ ಬಿಲ್ಲು, ಪಕ್ಕದ ಮನೆಯ ಜಗಳ ಒಟ್ಟಿಗೆ ಹಿಡಿಯಬೇಡಿ. ಹೊರಗಿನಿಂದ ಬಂದವರು ಅಪ್ಪನಾದರೂ ಅಮ್ಮನಾದರೂ ಅರ್ಧ ಗಂಟೆ ಬಿಡಿ. ದುಡಿದು ಬರುವವರ ಕಡೆಯಿಂದಲೂ ಒಂದು ವಾಕ್ಯ ಬೇಕು. ‘ಇವತ್ತು ಆಫೀಸಲ್ಲಿ ತುಂಬಾ ತಲೆನೋವಾಯ್ತು ಮಗಳೇ, ನಿನ್ನ ಮೇಲೆ ಕೋಪ ಏನಿಲ್ಲ’ ಎಂಬ ಹತ್ತು ಸೆಕೆಂಡಿನ ಮಾತು ಮಗುವಿನ ಒಂದು ರಾತ್ರಿಯ ಯೋಚನೆಯನ್ನು ಉಳಿಸುತ್ತದೆ. ನಾನು ಆ ಹುಡುಗಿಯ ತಂದೆಗೆ ಶಾಲೆಯ ಪೋಷಕರ ಸಭೆಯಲ್ಲಿ ಹೇಳಿದ್ದೂ ಇಷ್ಟೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳು ಹಾಗೆ ಅಂದುಕೊಂಡಿದಾಳಾ ಸಾರ್?” ಎಂದರು.

ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಯಾವ ದಾರಿ ಹಿಡಿಯಬೇಕೆಂದು ಯೋಚಿಸುವಾಗ ‘ಪ್ಯಾಕೇಜ್ ಎಷ್ಟು’ ಎಂದು ಎಲ್ಲರೂ ವಿಚಾರಿಸುತ್ತೀರಿ. ಆ ಕೆಲಸದಲ್ಲಿ ಈಗಾಗಲೇ ಇರುವ ಒಬ್ಬರನ್ನು ಹುಡುಕಿ ಬೇರೆ ಕೆಲವು ಪ್ರಶ್ನೆ ಕೇಳಿ. ಎಷ್ಟು ಹೊತ್ತಿಗೆ ಮನೆಗೆ ಬರುತ್ತೀರಿ? ಕೆಲಸ ಜಾಸ್ತಿಯಾದರೆ ಯಾರಿಗೆ ಹೇಳುತ್ತೀರಿ, ಹೇಳಿದರೆ ಕೇಳುತ್ತಾರಾ? ಕಳೆದ ಸಲ ರಜೆ ಹಾಕಿದ್ದು ಯಾವಾಗ? ಕೊನೆಯ ಪ್ರಶ್ನೆಗೆ ಅವರು ಲೆಕ್ಕ ಹಾಕಲು ತೆಗೆದುಕೊಳ್ಳುವ ಸಮಯವನ್ನೂ ಗಮನಿಸಿ.

ಇನ್ನೊಂದು ಎಚ್ಚರಿಕೆ ಉಳಿದಿದೆ. ಬಸವಳಿಕೆ ಬೇರೆ, ಖಿನ್ನತೆ ಬೇರೆ. ಆದರೆ ಒಂದರ ಬೆನ್ನಿಗೇ ಇನ್ನೊಂದು ಬರಬಹುದು. ಎರಡು ವಾರಕ್ಕೂ ಹೆಚ್ಚು ಕಾಲ ಸತತವಾಗಿ ಮಂಕಾಗಿರುವುದು, ಮೊದಲು ಇಷ್ಟಪಡುತ್ತಿದ್ದ ಯಾವುದೂ ಬೇಡವಾಗುವುದು, ನಿದ್ದೆ-ಹಸಿವು ಕೆಡುವುದು, ರಜೆ ಸಿಕ್ಕರೂ ಚೇತರಿಸದಿರುವುದು ಕಂಡರೆ ವೈದ್ಯರಿಗೆ ತೋರಿಸಬೇಕು. ಸಾವಿನ ಮಾತು ಬಂದರಂತೂ ಅದೇ ದಿನ. ಇದಕ್ಕೆ ಬೆಂಗಳೂರಿಗೇ ಓಡಬೇಕಾಗಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ, ಊರಿನ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಸಿಗುವಂತೆ ಮಾಡಬಹುದೇ ಎಂದು ಪ್ರಯೋಗ ನಡೆಸಿದರು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮುಖ ಕೊಟ್ಟು ಮಾತನಾಡಲು ಸಂಕೋಚವಾದರೆ 2022ರ ಅಕ್ಟೋಬರಿನಿಂದ ‘ಟೆಲಿ ಮಾನಸ್’ ಎಂಬ ಸರ್ಕಾರಿ ದೂರವಾಣಿ ಸೇವೆ ಇದೆ. ಸಂಖ್ಯೆ 14416. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಎನ್ನದೆ ಎತ್ತಿಕೊಳ್ಳುತ್ತಾರೆ, ಕನ್ನಡದಲ್ಲಿ ಮಾತನಾಡಬಹುದು. ಅಗತ್ಯ ಕಂಡರೆ ಅವರೇ ಮನೋವೈದ್ಯರ ಕಡೆಗೆ ದಾರಿ ಮಾಡಿಕೊಡುತ್ತಾರೆ. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಹಾಲಿನವನ, ಗ್ಯಾಸ್ ಏಜೆನ್ಸಿಯ ನಂಬರ್ ಬರೆದಿಟ್ಟಿರುತ್ತೀರಲ್ಲ, ಅದರ ಕೆಳಗೆ ಇದನ್ನೂ ಬರೆಯಿರಿ.